ಶಾಲೆ ಬಿಟ್ಟಿತು, ಮಳೆ ಬಿಡಲಿಲ್ಲ

ಕಳೆದ ಆಷಾಢದಲ್ಲಿ ಸಾಗರದ ಹತ್ತಿರದ ದೊಡ್ಡಪ್ಪನ ಮನೆಯ ಅಟ್ಟದಿಂದ ಒಂದು ಬಿಬಿಸಿ ಮೈಕ್ರೋ ಕಂಪ್ಯೂಟರನ್ನು ಕೆಳಗಿಳಿಸಿದೆ. 1984ರಲ್ಲಿ ಕೇಂದ್ರ ಸರ್ಕಾರ ‘ಕ್ಲಾಸ್’ ಯೋಜನೆಯಡಿ ದೇಶದ ಸುಮಾರು 250 ಶಾಲೆಗಳಲ್ಲಿ ಕಂಪ್ಯೂಟರ್ ಕಲಿಸಲು ಹೊರಟಾಗ ಆರಿಸಿಕೊಂಡದ್ದು ಬ್ರಿಟನ್ನಿನ ಏಕಾರ್ನ್ ಕಂಪನಿಯ ಈ ಯಂತ್ರವನ್ನೇ. ದೊಡ್ಡಪ್ಪ ಗಣಿತದ ಮೇಷ್ಟರಾಗಿದ್ದವರು. ಶಾಲೆ ಹಳೆಯ ಸಾಮಾನು ಹರಾಜು ಹಾಕಿದಾಗ ಇದನ್ನು ಕೊಂಡು ತಂದು ಹತ್ತಿಯ ಸೀರೆಯಲ್ಲಿ ಸುತ್ತಿ ಇಟ್ಟಿದ್ದರು. ಜೊತೆಗೆ ಒಂದೇ ಒಂದು ಕ್ಯಾಸೆಟ್. ಅದರ ಮೇಲೆ ‘ಬಾವಿ’ ಎಂದಷ್ಟೇ ಬರೆದಿತ್ತು.

ನೇರವಾಗಿ ವಿದ್ಯುತ್ ಕೊಡುವ ಧೈರ್ಯ ನನಗಿರಲಿಲ್ಲ. ಈ ಯಂತ್ರಗಳ ಪವರ್ ಸಪ್ಲೈಯಲ್ಲಿರುವ ಹಳದಿ ಬಣ್ಣದ ಕಾಗದದ ಕೆಪಾಸಿಟರ್‌ಗಳು ವರ್ಷ ಕಳೆದಂತೆ ಬಿರುಕು ಬಿಟ್ಟು ತೇವ ಹೀರುತ್ತವೆ, ಸ್ವಿಚ್ ಹಾಕಿದ ಸ್ವಲ್ಪ ಹೊತ್ತಿಗೆ ಕೋಣೆ ತುಂಬ ಹೊಗೆ ಎಬ್ಬಿಸುತ್ತವೆ. ಮಲೆನಾಡಿನ ತೇವದಲ್ಲಿ ಕೇಳಬೇಕೆ! ಅವನ್ನು ಬದಲಿಸಿ, ಹಳೆಯ ಟಿವಿಗೆ ಜೋಡಿಸಿ ಸ್ವಿಚ್ ಹಾಕಿದೆ. ಒಂದು ತಗ್ಗು ಸ್ವರ, ಒಂದು ಏರು ಸ್ವರ. ದೊಡ್ಡಪ್ಪ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು.

ಕ್ಯಾಸೆಟ್ಟಿನಲ್ಲಿದ್ದದ್ದು ಒಂದು ಆಟ. ಅದು ಯಂತ್ರದೊಳಗೆ ಬರಲು ಐದು ನಿಮಿಷ ಹಿಡಿಯಿತು. ಎರಡು ಸಲ ನಡುವೆ ತಪ್ಪು ಬಂದು ರಿವೈಂಡ್ ಮಾಡಬೇಕಾಯಿತು. ಆಮೇಲೆ ಪರದೆಯ ಮೇಲೆ ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಮೂಡಿತು: “ನೀನು ಒಂಬತ್ತನೇ ತರಗತಿಯ ಬಾಗಿಲಲ್ಲಿ ನಿಂತಿದ್ದೀಯ. ಒಳಗೆ ಒಂದು ಕೊಡೆ ಇದೆ. ಕೊಡೆಯೊಳಗೆ ಮಳೆ ಬರುತ್ತಿದೆ.”

ಚಿತ್ರವಿಲ್ಲದ, ಬರೀ ಮಾತಿನ ಇಂತಹ ಆಟಗಳನ್ನು ನಾನು ಇಂಗ್ಲಿಷಿನಲ್ಲಿ ಆಡಿದ್ದೆ. ಅಲ್ಲಿ ಕ್ರಿಯಾಪದ ಮೊದಲು, ವಸ್ತು ಆಮೇಲೆ. ಅದೇ ರೂಢಿಯಲ್ಲಿ “ತೆಗೆ ಕೊಡೆ” ಎಂದು ಟೈಪ್ ಮಾಡಿದೆ. “ತಿಳಿಯಲಿಲ್ಲ” ಎಂದಿತು.

“ನೀನು ಮನೆಯಲ್ಲಿ ಹಾಗೆ ಮಾತಾಡುತ್ತೀಯೇನು?” ಎಂದರು ದೊಡ್ಡಪ್ಪ.

“ಕೊಡೆಯನ್ನು ತೆಗೆ” ಎಂದೆ. ತೆಗೆಯಿತು. “ಕೊಡೆಯೊಳಗೆ ಹೋಗು” ಎಂದೆ. ಹೋಯಿತು. ವಿಭಕ್ತಿ ಪ್ರತ್ಯಯಗಳನ್ನೆಲ್ಲ ಈ ಪುಟ್ಟ ಯಂತ್ರ ಹೇಗೆ ಅರಗಿಸಿಕೊಂಡಿತು? ಅವರು ವಿವರಿಸಿದ ಉಪಾಯ ಕೇಳಿ ಮನಸ್ಸು ತುಂಬಿತು. ವಾಕ್ಯದ ಮೊದಲ ನಾಲ್ಕು ಅಕ್ಷರ ನಾಮಪದ. ಕೊನೆಯ ಪದದ ಮೊದಲ ನಾಲ್ಕು ಅಕ್ಷರ ಕ್ರಿಯಾಪದ. ನಡುವಿನ ‘ಅನ್ನು’, ‘ಒಳಗೆ’, ‘ಇಂದ’ ಎಲ್ಲ ತಾವಾಗಿಯೇ ಉದುರಿಹೋಗುತ್ತವೆ. ಕೊಡೆ, ಬಾವಿ, ಎಮ್ಮೆ, ನೋಡು, ಹೋಗು, ತೆಗೆ: ಇಂಗ್ಲಿಷ್ ಲಿಪಿಯಲ್ಲಿ ಬರೆದು ನೋಡಿ, ಎಲ್ಲವೂ ಸರಿಯಾಗಿ ನಾಲ್ಕೇ ಅಕ್ಷರ. ಕನ್ನಡ ವಾಕ್ಯದ ಜಾಯಮಾನವನ್ನು ಅರಿತು ಕಟ್ಟಿದ ಆಟವಿದು. ಇದನ್ನು ನಾನು ಅಪ್ಪಟ ಭಾಷಾಪಾಂಡಿತ್ಯವೆಂದೇ ಭಾವಿಸುತ್ತೇನೆ.

ಕೊಡೆಯೊಳಗೆ ಶಾಲೆಯ ಮೈದಾನವಿತ್ತು. ಬಾವಿಗೆ ಇಣುಕಿದರೆ ತಳದಲ್ಲಿ ನಮ್ಮದೇ ತರಗತಿಯ ಹೆಂಚು ಕಾಣುತ್ತಿತ್ತು, ಅದರಡಿಯಲ್ಲಿ ಯಾರೋ ಮಗ್ಗಿ ಹೇಳುತ್ತಿದ್ದರು. ಹಲಸಿನ ಮರದಲ್ಲಿ ಶಾಲೆಯ ಗಂಟೆ ತೂಗುತ್ತಿತ್ತು. ಬಾರಿಸಿದರೆ “ಸದ್ದು ಮೇಯಲು ಹೋಗಿದೆ” ಎಂಬ ಉತ್ತರ. ಮುಖ್ಯೋಪಾಧ್ಯಾಯರ ಕುರ್ಚಿಯಲ್ಲಿ ಒಂದು ಎಮ್ಮೆ ಕುಳಿತು ನನ್ನ ಹಾಜರಿ ಸಂಖ್ಯೆ ಕೇಳಿತು. 7 ಎಂದೆ. “ಸುಳ್ಳು. ನಿನ್ನದು 12. ಅದು ನನ್ನದೂ ಹೌದು” ಎಂದು ಎದ್ದು ಹೋಯಿತು. ಅಲ್ಲಿಂದ ಮುಂದೆ ಆಟ ನನ್ನನ್ನು “ಎಮ್ಮೆಯೇ” ಎಂದು ಕರೆಯತೊಡಗಿತು.

ಎರಡು ಗಂಟೆ ಆ ಸದ್ದನ್ನು ಹುಡುಕಿದೆ. ಕಾಫಿ ಬಂತು, ಆರಿತು. ದೊಡ್ಡಪ್ಪ ಬಾಯಿ ಬಿಡಲಿಲ್ಲ. ಕೊನೆಗೆ, ಹೋಗದ ಜಾಗ ಯಾವುದೂ ಉಳಿಯದಾಗ “ನನ್ನನ್ನು ನೋಡು” ಎಂದು ಬರೆದೆ.

“ನಿನ್ನ ಕೊರಳಲ್ಲಿ ಒಂದು ಸದ್ದು ತೂಗುತ್ತಿದೆ.”

ಮೈ ಜುಮ್ಮೆಂದಿತು. ಗಂಟೆ ಬಾರಿಸಿದೆ. “ಶಾಲೆ ಬಿಟ್ಟಿತು. ಮಳೆ ಬಿಟ್ಟಿಲ್ಲ” ಎಂದು ಬಂದು, ಮತ್ತೆ ಏನು ಮಾಡುತ್ತೀಯ ಎಂದು ಕೇಳಿತು. ಏನು ಮಾಡಿದರೂ ಅದೇ ಮಾತು.

“ಇಷ್ಟೇನಾ ದೊಡ್ಡಪ್ಪ?”

“ಮಳೆ ನಿಲ್ಲಿಸಬೇಕು ಎಂದಿತ್ತು ಮಾರಾಯ. ಜಾಗ ಮುಗಿಯಿತು.”

32 ಕಿಲೋಬೈಟ್ ಮೆಮೊರಿಯಲ್ಲಿ ಯಂತ್ರ ತನ್ನ ಪಾಲನ್ನು ತೆಗೆದುಕೊಂಡ ಮೇಲೆ ಪ್ರೋಗ್ರಾಮಿಗೆ ಉಳಿಯುವುದು 28,160 ಬೈಟ್. ನಾನು ಆಟದ ಪ್ರೋಗ್ರಾಮಿನ ಸಾಲುಗಳನ್ನು ಪರದೆಗೆ ತೆಗೆದು ಓದಿದೆ. ಸಾಲು ಸಾಲಿಗೂ ‘ರೆಮ್’ ಟಿಪ್ಪಣಿಗಳಿದ್ದವು. ಓದುವವರಿಗಾಗಿ ಬರೆಯುವ, ಯಂತ್ರ ಕಣ್ಣೆತ್ತಿಯೂ ನೋಡದ ಸಾಲುಗಳವು. ‘ಕೊಡೆ: 31’, ‘ಬಾವಿಯ ಹೆಂಚು: 4 ಮತ್ತು 19’, ‘ಎಮ್ಮೆ: 12’. ಯಾವ ಕಲ್ಪನೆ ಯಾವ ಮಗುವಿನದು ಎಂಬ ದಾಖಲೆ!

“ಹನ್ನೆರಡನೆಯವಳು ಎಮ್ಮೆಗಳನ್ನು ಮೇಯಲು ಹೊಡೆದೇ ಶಾಲೆಗೆ ಬರಬೇಕಿತ್ತು” ಎಂದರು ದೊಡ್ಡಪ್ಪ. “ದಿನವೂ ತಡ. ನಾನು ಹಾಜರಿ ಕೂಗುವಾಗ ಅವಳಿನ್ನೂ ಗದ್ದೆಯ ಅಂಚಿನಲ್ಲಿರುತ್ತಿದ್ದಳು.”

ಈ ಟಿಪ್ಪಣಿಗಳನ್ನು ಅಳಿಸಿದರೆ ಏಳೆಂಟು ನೂರು ಬೈಟ್ ಸಿಗುತ್ತದೆ, ಮಳೆ ನಿಲ್ಲಿಸಲು ಅಷ್ಟು ಧಾರಾಳ ಸಾಕು, ಈಗಲೇ ಬರೆದುಬಿಡೋಣ ಎಂದೆ.

“ಆಗಲೂ ಅದು ಗೊತ್ತಿತ್ತು” ಎಂದರು. “ಅವು ಇರಲಿ. ಮಳೆ ಬಂದರೆ ಬರಲಿ.”

ಹೊಸ ಕ್ಯಾಸೆಟ್ ಹಾಕಿ, ಒಂದಕ್ಷರವನ್ನೂ ಮುಟ್ಟದೆ ಆಟವನ್ನು ಇನ್ನೊಂದು ಪ್ರತಿ ಮಾಡಿಕೊಂಡೆವು. ಅದು ಮುಗಿಯುವವರೆಗೂ ದೊಡ್ಡಪ್ಪ ಪರದೆಯಲ್ಲಿ ಏರುವ ಅಂಕಿಗಳನ್ನು ನೋಡುತ್ತ ಕುಳಿತಿದ್ದರು.