ಒಂದು ಶಿಫ್ಟ್ ಮುಗಿದು ಇನ್ನೊಂದು ಶುರುವಾಗುವ ಹೊತ್ತು

ವಾರಕ್ಕೆ 3 ದಿನ, ಒಂದೊಂದು ಸಲ 4 ಗಂಟೆ. ಅಣ್ಣನ ಜೊತೆ ಡಯಾಲಿಸಿಸ್‌ಗೆ ಹೋಗುವುದು ನನ್ನ ಪಾಲಿನ ಕೆಲಸ. ಅಷ್ಟು ಹೊತ್ತು ಮೊಬೈಲನ್ನೇ ಎಷ್ಟೂಂತ ನೋಡುವುದು? ಹಾಗಾಗಿ ಸಿಸ್ಟರ್‌ಗಳ, ಟೆಕ್ನಿಷಿಯನ್‌ಗಳ ಕೈ ನೋಡುತ್ತಾ ಕೂರುತ್ತೇನೆ.

ಈ ಚಾಳಿ ಶುರುವಾಗಿದ್ದು ಒಂದು ಹನಿ ರಕ್ತದಿಂದ. ಅಣ್ಣನಿಗೆ ಹಾಕಬೇಕಿದ್ದ ಕ್ಲ್ಯಾಂಪಿನ ಹಲ್ಲಿನ ಸಂದಿಯಲ್ಲಿ ಒಣಗಿ ಕಂದು ಬಣ್ಣಕ್ಕೆ ತಿರುಗಿತ್ತು, ಸಾಸಿವೆ ಕಾಳಿನಷ್ಟೂ ಇರಲಿಲ್ಲ. ಕೇಳಿದ್ದಕ್ಕೆ "ಒಣಗಿದೆ ಬಿಡಿ ಸರ್, ಏನೂ ಆಗಲ್ಲ" ಎಂದರು. ಆಗುತ್ತೆ. ಲಿವರ್‌ಗೆ ತಗಲುವ ಹೆಪಟೈಟಿಸ್ ಬಿ ವೈರಸ್ ಮೈಯಿಂದ ಹೊರಗೆ, ಒಣಗಿದ ರಕ್ತದಲ್ಲೂ, ಕಮ್ಮಿಯೆಂದರೂ 7 ದಿನ ಉಳಿಯುತ್ತದೆ. ಕಣ್ಣಿಗೆ ಕಾಣದಷ್ಟು ರಕ್ತ ಅಂಟಿದ್ದರೂ ಸಾಕು.

ಎಲ್ಲರೂ ಹೆದರುವುದು ಮಷಿನ್‌ಗೆ. ನಿಜ ಹೇಳಬೇಕೆಂದರೆ ರಕ್ತ ಓಡುವುದು ಟ್ಯೂಬು ಮತ್ತು ಡಯಲೈಸರ್ (ರಕ್ತ ಸೋಸುವ ಫಿಲ್ಟರ್) ಒಳಗೆ, ಮಷಿನ್ ಹೊಟ್ಟೆಯೊಳಗೆ ಅಲ್ಲ. ಆದರೆ ಪ್ರೆಷರ್ ನೋಡುವ ಟ್ಯೂಬಿನ ತುದಿಯ ಪುಟ್ಟ ಫಿಲ್ಟರ್ ರಕ್ತದಲ್ಲಿ ನೆನೆದರೆ ತಕ್ಷಣ ಬದಲಿಸಬೇಕು, ಮಷಿನ್ ಕಡೆಗೂ ಹೋಗಿದೆಯಾ ಎಂದು ನೋಡಬೇಕು. ಹೆಪಟೈಟಿಸ್ ಬಿ ಇದ್ದವರಿಗೆ ಬೇರೆ ಕೋಣೆ, ಬೇರೆ ಮಷಿನ್ ಬೇಕೇ ಬೇಕು. ಆದರೆ ಹೆಪಟೈಟಿಸ್ ಸಿ ಇದ್ದವರನ್ನು ಹಾಗೆ ಬೇರೆ ಮಾಡಬೇಕೆಂದು ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಕೂಡ ಹೇಳುವುದಿಲ್ಲ, ಕೈ ಶುದ್ಧ ಇರಲಿ ಎನ್ನುತ್ತದೆ.

ಕೈ ಶುದ್ಧ ಇಡುವುದು ಹೇಳಿದಷ್ಟು ಸುಲಭವಲ್ಲ. ಒಬ್ಬರಿಗೆ ಸೂಜಿ ತೆಗೆಯುತ್ತಿರುವಾಗ ಪಕ್ಕದ ಮಷಿನ್ ಕಿರುಚುತ್ತದೆ, ಸಿಸ್ಟರ್ ಅದೇ ಗ್ಲೌಸಿನಲ್ಲಿ ಹೋಗಿ ಬಟನ್ ಒತ್ತುತ್ತಾರೆ, ಆಮೇಲೆ ಆ ಬಟನ್ ಒತ್ತಿದವರು ಇನ್ಯಾರದೋ ಫಿಸ್ಟುಲಾ (ಸೂಜಿ ಚುಚ್ಚಲೆಂದು ಕೈಯಲ್ಲಿ ಜೋಡಿಸಿದ ರಕ್ತನಾಳ) ಮುಟ್ಟುತ್ತಾರೆ. ಗ್ಲೌಸ್ ಹಾಕಿದವರ ಕೈ ಭದ್ರ, ನಮ್ಮದಲ್ಲ. ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್ ಬಾಟಲಿಯ ಕಥೆಯೂ ಹೀಗೇ. ಔಷಧಿಯನ್ನು ದೂರದ ಶುಚಿಯಾದ ಮೇಜಿನ ಮೇಲೆ ಸಿರಿಂಜಿಗೆ ತುಂಬಿಕೊಂಡು ಬರಬೇಕು, ಟ್ರೇ ಹಿಡಿದು ಕುರ್ಚಿಯಿಂದ ಕುರ್ಚಿಗೆ ತಿರುಗಬಾರದು.

ಎಲ್ಲಕ್ಕಿಂತ ಕಷ್ಟದ ಹೊತ್ತು ಶಿಫ್ಟ್ ಬದಲಾಗುವಾಗ. ಹೊರಗೆ ಮುಂದಿನವರು ಕಾಯುತ್ತಿರುತ್ತಾರೆ, ಒಳಗೆ ಕೂತವರ ರಕ್ತ ಇನ್ನೂ ನಿಂತಿರುವುದಿಲ್ಲ, ಅಷ್ಟರಲ್ಲೇ ಒಬ್ಬರು ಬಟ್ಟೆ ಹಿಡಿದು ಮಷಿನ್ ಒರೆಸುತ್ತಿರುತ್ತಾರೆ. ಇದು ಸುಮ್ನೆ ಒರೆಸಿದ ಶಾಸ್ತ್ರ ಅಷ್ಟೇ, ಅಲ್ವಾ? ಕೂತವರು ಎದ್ದು ಹೋದ ಮೇಲೆಯೇ ಒರೆಸಬೇಕು. ಕುರ್ಚಿ, ಕೈಯಿಡುವ ಜಾಗ, ಕ್ಲ್ಯಾಂಪು, ಬಕೆಟ್ಟು, ಎಲ್ಲ. ಹಾಕಿದ ಸೋಂಕುನಾಶಕ ದ್ರಾವಣ ಅದರ ಬಾಟಲಿಯ ಮೇಲೆ ಬರೆದಷ್ಟು ಹೊತ್ತು ಹಸಿಯಾಗಿಯೇ ಇರಬೇಕು. ಸಿಬ್ಬಂದಿಯನ್ನು ಬೈದು ಪ್ರಯೋಜನವಿಲ್ಲ, ಅವರಿಗೆ ಕೊಡುವ ಸಮಯವೇ ಅಷ್ಟು.

ಜ್ವರ, ಕೆಮ್ಮು ಬಂದರೂ ಡಯಾಲಿಸಿಸ್ ತಪ್ಪಿಸುವಂತಿಲ್ಲ. ಮೊದಲೇ ಫೋನ್ ಮಾಡಿ ಹೇಳಿ, ಮಾಸ್ಕ್ ಹಾಕಿಕೊಂಡು ಹೋದರೆ ದೂರದ ಕುರ್ಚಿ ಕೊಡುತ್ತಾರೆ.

ಹೆಪಟೈಟಿಸ್ ಸಿಗೆ ಲಸಿಕೆಯಿಲ್ಲ, 6 ತಿಂಗಳಿಗೊಮ್ಮೆ ಟೆಸ್ಟ್ ಮಾಡಿಸುತ್ತಿರಬೇಕು. ಹೆಪಟೈಟಿಸ್ ಬಿಗೆ ಲಸಿಕೆ ಇದೆ, ಡಯಾಲಿಸಿಸ್‌ನವರಿಗೆ ಡೋಸ್ ಜಾಸ್ತಿ. ಚುಚ್ಚಿಸಿಕೊಂಡರೆ ಮುಗಿಯಲಿಲ್ಲ, ಕೊನೇ ಡೋಸ್ ಆಗಿ 1-2 ತಿಂಗಳಿಗೆ ರಕ್ತದಲ್ಲಿ ಆ್ಯಂಟಿಬಾಡಿ (ವೈರಸ್ ತಡೆಯುವ ಅಂಶ) 10 mIU/mL ದಾಟಿದೆಯಾ ನೋಡಬೇಕು. ಅಣ್ಣನದು ಮೊದಲ ಸಲ ದಾಟಲಿಲ್ಲ, ಇನ್ನೊಂದು ಸುತ್ತು ಹಾಕಿಸಿದೆವು.

ನಾನು ಏನಾದರೂ ಕೇಳಲು ಬಾಯಿ ತೆರೆದರೆ ಅಣ್ಣನಿಗೆ ಮುಜುಗರ. "ಸುಮ್ನಿರೋ, ಸೂಜಿ ಚುಚ್ಚೋದು ಅವರೇ" ಎನ್ನುತ್ತಾನೆ. ಅವನ ಮಾತೂ ಸರಿಯೇ. ಅದಕ್ಕೇ ಈಗ ಜಗಳ ಮಾಡುವುದಿಲ್ಲ, "ಸಿಸ್ಟರ್, ಆ ಕ್ಲ್ಯಾಂಪ್ ಒಂಚೂರು ನೋಡ್ತೀರಾ?" ಎನ್ನುತ್ತೇನೆ, ಅಷ್ಟೇ. ಹೆಚ್ಚಿನ ಸಲ ಅವರು ಏನೂ ಹೇಳದೆ ಬೇರೆಯದು ತರುತ್ತಾರೆ.