ಹಳೇ ಆಟಿಗೆ ರೈಲಿಗೆ ಹುಣಸೆಹಣ್ಣು ಹಚ್ಚಬೇಡಿ

ಅಮ್ಮನ ತವರುಮನೆ ಶಿರಸಿ ಹತ್ತಿರದ ಒಂದು ಹಳ್ಳಿ. ಆ ಕಡೆಗೆ ಇವತ್ತಿಗೂ ರೈಲಿಲ್ಲ. ಆದರೆ ಆ ಮನೆಯ ಮೆತ್ತಿ ಮೇಲೆ, ಹಳೇ ತೊಟ್ಟಿಲು, ಅಡಿಕೆ ಚೀಲಗಳ ಹಿಂದೆ ಒಂದು ರೈಲು ಇತ್ತು! ಅಜ್ಜನ ತಮ್ಮ ಮುಂಬೈಯಲ್ಲಿ ಕೆಲಸಕ್ಕಿದ್ದಾಗ ಮನೆ ಮಕ್ಕಳಿಗೆ ಅಂತ ತಂದಿದ್ದಂತೆ. ಹಸಿರು ಇಂಜಿನ್ನು, ಅದರ ಹಿಂದೆ ಕಲ್ಲಿದ್ದಲು ತುಂಬುವ ಗಾಡಿ ಅಂದರೆ ಟೆಂಡರ್, ಎರಡು ಬೋಗಿ, ತುಕ್ಕು ಹಿಡಿದ ನಾಲ್ಕಾರು ಹಳಿ ತುಂಡು. ಸ್ಪ್ರಿಂಗ್ ಸುತ್ತಿ ಓಡಿಸುವ ರೈಲು ಅದು, ಕೀ ಮಾತ್ರ ಇರಲಿಲ್ಲ. "ತಗಂಡು ಹೋಗು ಅಪ್ಪಿ, ಇಲ್ಲಿದ್ರೆ ಇಲಿ ಪಾಲು" ಅಂದರು ಮಾವ.

ಕಾರವಾರಕ್ಕೆ ತಂದ ದಿನವೇ ನಾನು ಮಾಡಿದ ಕೆಲಸ ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ. ಮನೆಯಲ್ಲಿ ಹಿತ್ತಾಳೆ ದೀಪ ತೊಳೆಯೋದು ಹುಣಸೆಹಣ್ಣಿನಲ್ಲಿ, ಅಲ್ವಾ? ಅದನ್ನೇ ಟೆಂಡರಿಗೆ ಹಚ್ಚಿ ಉಜ್ಜಿದೆ. ಎರಡೇ ನಿಮಿಷ. ಕೊಳೆ ಜೊತೆಗೆ ಹಸಿರು ಬಣ್ಣವೂ ಬಂತು, ಅಂಚಿನ ಸಣ್ಣ ಗೆರೆಯೂ ಬಂತು, ಕೆಳಗೆ ಬರೀ ತಗಡು ಕಾಣಿಸಿತು. ಮುಂದಿನ ಮಳೆಗಾಲ ಮುಗಿಯುವಷ್ಟರಲ್ಲಿ ಅಷ್ಟು ಜಾಗ ಕೆಂಪಗೆ ತುಕ್ಕು ಹಿಡಿದಿತ್ತು.

ನಾನು ಉಜ್ಜಿದ್ದು ಏನನ್ನು ಅಂತ ಗೊತ್ತಾಗಿದ್ದು ಆಮೇಲೆ. ಇಂಜಿನ್ ಮೇಲೆ 3435 ಅಂತ ನಂಬರಿದೆ. ಅದು ಇಂಗ್ಲೆಂಡಿನ ಹಾರ್ನ್‌ಬಿ ಕಂಪನಿಯ ಎಂ1 ಇಂಜಿನ್. ಈ ಜಾತಿಯ ಆಟಿಗೆಗೆ ಮಾಡಿದ ಮೇಲೆ ಬಣ್ಣ ಬಳಿಯೋದಲ್ಲ. ತಗಡು ಇನ್ನೂ ಚಪ್ಪಟೆ ಹಾಳೆಯಾಗಿರುವಾಗಲೇ ಪುಸ್ತಕ ಅಚ್ಚು ಹಾಕಿದ ಹಾಗೆ ಬಣ್ಣ, ಗೆರೆ, ನಂಬರು ಎಲ್ಲ ಅಚ್ಚು ಹಾಕುತ್ತಾರೆ. ಆಮೇಲೆ ಕತ್ತರಿಸಿ, ಬಗ್ಗಿಸಿ, ಒಂದು ತುಂಡಿನ ಪುಟ್ಟ ನಾಲಿಗೆಯನ್ನು ಇನ್ನೊಂದರ ಸೀಳಿನಲ್ಲಿ ತೂರಿಸಿ ಮಡಚುತ್ತಾರೆ. ಹಾಗಾಗಿ ಹೋದ ಬಣ್ಣ ಹೋಯಿತು. ಯಾವ ಪೇಂಟರ್ ಕೈಯಲ್ಲೂ ಅದು ವಾಪಸ್ ಬರೋದಿಲ್ಲ. ಕೈಯಿಂದ ಬಣ್ಣ ಬಳಿದ ದುಬಾರಿ ರೈಲುಗಳದ್ದೂ ಇದೇ ಕಥೆ: ಹೊಸದಾಗಿ ಬಳಿದರೆ ಥಳಥಳ ಅನ್ನುತ್ತದೆ, ಬೆಲೆ ಮಾತ್ರ ಬಿದ್ದುಹೋಗುತ್ತದೆ. ಅಲ್ಲಲ್ಲಿ ಬಣ್ಣ ಎದ್ದ ಹಳೇ ಇಂಜಿನ್ನಿಗೇ ಸಂಗ್ರಹಕಾರರು ಜಾಸ್ತಿ ಕೊಡೋದು. ಅದರ ಹಳೇ ರಟ್ಟಿನ ಪೆಟ್ಟಿಗೆಯೂ ಇದ್ದರಂತೂ ಕೇಳೋದೇ ಬೇಡ, ಯಾಕೆಂದರೆ ಆಟಿಗೆ ಇಟ್ಟುಕೊಂಡವರೂ ಪೆಟ್ಟಿಗೆ ಎಸೆದಿರುತ್ತಾರೆ.

ಎಂ1 ಅಂಥ ಅಪರೂಪದ್ದೇನಲ್ಲ, ಕಡಿಮೆ ಬೆಲೆಗೆ ಬೇಕಾದಷ್ಟು ಮಾರಿದ ಮಾಡೆಲ್ ಅದು. ಆದರೆ ಅದರ ಹಿಂದೆ ಬಿದ್ದ ಮೇಲೆ ನನಗೆ ಈ ಲೋಕವೇ ತೆರೆದುಕೊಂಡಿತು. ಫ್ರಾಂಕ್ ಹಾರ್ನ್‌ಬಿ 1901ರಲ್ಲಿ ಪೇಟೆಂಟ್ ಪಡೆದಿದ್ದು ತೂತಿರುವ ಲೋಹದ ಪಟ್ಟಿಗಳನ್ನು ಜೋಡಿಸಿ ಆಡುವ ಮೆಕ್ಯಾನೋ ಆಟಿಗೆಗೆ, ರೈಲು ಶುರು ಮಾಡಿದ್ದು 1920ರಲ್ಲಿ. ಮೊದಮೊದಲ ರೈಲುಗಳನ್ನು ಮೆಕ್ಯಾನೋ ಹಾಗೇ ನಟ್ಟು ಬೋಲ್ಟು ಹಾಕಿ ಜೋಡಿಸಿದ್ದರು, ಮಕ್ಕಳು ಬಿಚ್ಚಿ ಮತ್ತೆ ಕಟ್ಟಬಹುದಿತ್ತು. ಅದಕ್ಕೂ ಮೊದಲು, 1891ರಲ್ಲಿ, ಜರ್ಮನಿಯ ಮೆರ್ಕ್ಲಿನ್ ಕಂಪನಿ ಲೈಪ್‌ಜಿಗ್ ಸಂತೆಯಲ್ಲಿ ಹಳಿಗಳ ಅಗಲವನ್ನೇ ನಂಬರಿನ ಪ್ರಕಾರ ಗೊತ್ತು ಮಾಡಿತು. ಇವತ್ತಿನ ಲೆಕ್ಕದಲ್ಲಿ ಒಂದನೇ ಗೇಜ್ ಅಂದರೆ 45 ಮಿಲಿಮೀಟರ್, ಸೊನ್ನೆ ಗೇಜ್ 32. ನಮ್ಮ ಮೆತ್ತಿಯ ರೈಲು ಸೊನ್ನೆ ಗೇಜಿನದು. ಅಳತೆ ಗೊತ್ತಿದ್ದರೆ ಈ ವರ್ಷ ಇಂಜಿನ್, ಬರುವ ವರ್ಷ ಇನ್ನೆರಡು ಹಳಿ, ಆಮೇಲೆ ಒಂದು ಸಿಗ್ನಲ್ ಅಂತ ಸೇರಿಸುತ್ತಾ ಹೋಗಬಹುದು. ಸಂಗ್ರಹದ ಹುಚ್ಚು ಹುಟ್ಟಿದ್ದೇ ಅಲ್ಲಿಂದ ಅನ್ನೋದು ನನ್ನ ನಂಬಿಕೆ. ನನ್ನ ಕನಸಿನ ಇಂಜಿನ್ ಹಾರ್ನ್‌ಬಿಯ 1937ರ ಪ್ರಿನ್ಸೆಸ್ ಎಲಿಜಬೆತ್. ಒಂದ್ಸಲ ಕೈಯಲ್ಲಿ ಹಿಡಿದರೂ ಸಾಕು.

ಕಾರವಾರದಲ್ಲಿ ತಗಡು ಕಾಪಾಡೋದು ಸುಲಭವಲ್ಲ. ಉಪ್ಪುಗಾಳಿಗೆ ಸ್ಕೂಟರೇ ಉಳಿಯೋದಿಲ್ಲ. ಜೂನ್ ಬರುವ ಮೊದಲೇ ಎಲ್ಲವನ್ನೂ ಒಣ ಹತ್ತಿ ಬಟ್ಟೆಯಲ್ಲಿ ಒರೆಸಿ, ಮುಚ್ಚಳ ಬಿಗಿಯಾಗಿ ಕೂರುವ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಚೀಲಗಳ ಜೊತೆ ಇಡುತ್ತೇನೆ. ಆ ಚೀಲಗಳನ್ನು ಆಗಾಗ ಬದಲಾಯಿಸಬೇಕು. ಬರಿಗೈಲಿ ಮುಟ್ಟೋದಿಲ್ಲ, ಬೆವರಲ್ಲೂ ಉಪ್ಪಿದೆ. ಸತುವಿನ ಎರಕದ ಭಾಗಗಳದ್ದು ಇನ್ನೊಂದು ಕಾಟ. ಮೂವತ್ತರ ದಶಕದ ಎಷ್ಟೋ ರೈಲುಗಳಲ್ಲಿ ಸತುವಿಗೆ ಸೀಸ ಬೆರೆತುಬಿಟ್ಟಿತ್ತು, ಅಂಥ ಚಕ್ರಗಳು ಒಳಗಿಂದಲೇ ಉಬ್ಬಿ, ಬಿರುಕು ಬಿಟ್ಟು, ಪುಡಿಯಾಗುತ್ತವೆ. ಅದಕ್ಕೆ ಮದ್ದಿಲ್ಲ, ಸೆಕೆ ಮತ್ತು ತೇವ ಇದ್ದಲ್ಲಿ ಇನ್ನೂ ಬೇಗ. ಹಾಗಾಗಿ ಕೊಳ್ಳುವಾಗ ನಾನು ಮೊದಲು ನೋಡೋದು ಚಕ್ರ.

ಕುಮಟಾ, ಹೊನ್ನಾವರ, ಸಿದ್ದಾಪುರ, ನಿಮ್ಮ ಮನೆ ಯಾವ ಕಡೆಗೇ ಇರಲಿ, ಅಟ್ಟದಲ್ಲಿ ಇಂಥದ್ದು ಸಿಕ್ಕಿದರೆ ದಯವಿಟ್ಟು ತೊಳೀಬೇಡಿ. ಧೂಳಿದ್ದರೆ ಇರಲಿ.

ಹೋದ ವರ್ಷ ದೀಪಾವಳಿಗೆ ಮಾವನ ಮನೆಗೆ ಇಂಜಿನ್ನನ್ನೂ ಜೊತೆಗೆ ತಗೊಂಡು ಹೋಗಿದ್ದೆ. ಅತ್ತೆಯ ಸೊಂಟದ ಕೀಲಿಕೈ ಗೊಂಚಲಿನಲ್ಲಿ ಒಂದು ಕೀ ಕಣ್ಣಿಗೆ ಬಿತ್ತು, ತುದಿಯಲ್ಲಿ ಚೌಕ ತೂತು. ಯಾವ ಬೀಗದ್ದು ಅಂತ ಕೇಳಿದೆ. ಯಾರಿಗೂ ಗೊತ್ತಿಲ್ಲ, ಅವರ ಅತ್ತೆ ಕೊಟ್ಟಾಗಲೇ ಗೊಂಚಲಲ್ಲಿ ಇತ್ತಂತೆ. ಹೊಲಿಗೆ ಮಿಷನ್ ಎಣ್ಣೆ ಎರಡು ಹನಿ ಬಿಟ್ಟು, ಆ ಕೀ ಹಾಕಿ ಮೆಲ್ಲಗೆ ತಿರುಗಿಸಿದೆ. ಸ್ಪ್ರಿಂಗ್ ಹಿಡಿಯಿತು. ಜಗಲಿಯ ಕಾವಿ ನೆಲದ ಮೇಲೆ ಕಿರ್‌ ಅನ್ನುತ್ತಾ ಒಂದು ಮೊಳ ಓಡಿ ನಿಂತಿತು. ಅತ್ತೆ ಕೈಯಲ್ಲಿದ್ದ ಮೊರ ಕೆಳಗಿಟ್ಟು ಹತ್ತಿರ ಬಂದು ಕೂತರು. "ಇನ್ನೊಂದ್ಸಲ ಬಿಡು, ನೋಡನ."