ಅಪ್ಪನ ಟ್ರಂಕು: ಎಂಟು ಭಾನುವಾರಗಳ ಕೆಲಸ

ತಿಪಟೂರಿನ ಮನೆಯ ಕಾಗದಪತ್ರಗಳನ್ನೆಲ್ಲ ಒಂದು ಕಡೆ ತರಬೇಕು. ಅಪ್ಪ ಅಮ್ಮ ಗಟ್ಟಿಯಾಗಿರುವಾಗಲೇ ವಿಲ್ ಬರೆಸಬೇಕು. ಇಷ್ಟೇ ನಾನು ಅಂದುಕೊಂಡಿದ್ದು. ಅಪ್ಪನಿಗೆ ಈಗ 74. ನಾನು ಭಾನುವಾರ ತುಮಕೂರಿನಿಂದ ಹೋಗಿ ಸಂಜೆ ವಾಪಸ್ ಬರುತ್ತೇನೆ. ಎಲ್ಲಿಯವರೆಗೆ ಬಂತು ಅಂತ ಬರೆದಿಡುತ್ತಿದ್ದೇನೆ.

ಮೊದಲ ವಾರ

ವಿಲ್ ಎಂದ ಕೂಡಲೇ ಅಮ್ಮ "ಬಿಡ್ತು ಅನ್ನು" ಎಂದಳು. ಅಂದೆ. ಆ ಮಾತು ಅಲ್ಲಿಗೇ ನಿಂತಿತು. ಮಗಳು ಆಸ್ತಿ ವಿಷಯ ಎತ್ತಿದರೆ ಪಾಲು ಕೇಳಲು ಬಂದಳು ಎಂದೇ ಕಾಣುತ್ತದೆ, ಅದು ನನಗೂ ಗೊತ್ತು. ಹಾಗಾಗಿ ತಮ್ಮನಿಗೆ ಮೊದಲೇ ಫೋನ್ ಮಾಡಿ ಎಲ್ಲ ಹೇಳಿದ್ದೆ. ಮಧ್ಯಾಹ್ನ ಊಟ ಆದ ಮೇಲೆ "ಅಪ್ಪಾ, ಟ್ರಂಕಲ್ಲಿರೋ ಕಾಗದ ಒಂದ್ಸಲ ತೋರಿಸು" ಎಂದೆ. ಅದಕ್ಕೆ ಅಪ್ಪ ಖುಷಿಯಿಂದಲೇ ಒಪ್ಪಿದರು. ಒಂದೊಂದು ಕಾಗದಕ್ಕೂ ಒಂದೊಂದು ಕಥೆ. ಅಜ್ಜ ತೋಟ ಕೊಂಡ 1968ರ ಕ್ರಯಪತ್ರ ಸಿಕ್ಕಿತು. ಅಜ್ಜನ ಮರಣ ಪ್ರಮಾಣಪತ್ರ ಹಳೇ ಪಂಚಾಂಗದ ನಡುವೆ ಇತ್ತು. ಅಪ್ಪ ಪಕ್ಕದಲ್ಲಿ ಇಲ್ಲದಿದ್ದರೆ ಆ ಪಂಚಾಂಗ ರದ್ದಿಗೆ ಹೋಗುತ್ತಿತ್ತು.

ಎರಡು, ಮೂರನೇ ವಾರ

ಬ್ಯಾಂಕ್ ಪಾಸ್‌ಬುಕ್, ಎಫ್‌ಡಿ, ಎಲ್‌ಐಸಿ ಬಾಂಡ್ ಎಲ್ಲ ಪಟ್ಟಿ ಮಾಡಿದೆ. ಮೂರು ಎಫ್‌ಡಿಗೆ ನಾಮಿನಿಯೇ ಇರಲಿಲ್ಲ. 2025ರ ನವೆಂಬರ್ 1ರಿಂದ ಬ್ಯಾಂಕ್ ಠೇವಣಿಗೆ ನಾಲ್ಕು ಜನರವರೆಗೆ ನಾಮಿನಿ ಇಡಬಹುದು, ಯಾರಿಗೆ ಶೇಕಡಾ ಎಷ್ಟು ಅಂತಲೂ ಬರೆಯಬಹುದು. ಅಮ್ಮ, ನಾನು, ತಮ್ಮ, ಮೂವರ ಹೆಸರೂ ಹಾಕಿಸಿದೆವು.

ನಾಮಿನಿ ಎಂದರೆ ಹಣ ಅವರದ್ದೇ ಅಂತ ನಾನು ಇಷ್ಟು ವರ್ಷ ನಂಬಿದ್ದೆ. ಹಾಗಲ್ಲ. ಬ್ಯಾಂಕು ಹಣವನ್ನು ನಾಮಿನಿಯ ಕೈಗೆ ಕೊಡುತ್ತದೆ, ಆದರೆ ಅದು ಸೇರಬೇಕಾದ್ದು ವಾರಸುದಾರರಿಗೆ. ವಿಲ್ ಇದ್ದರೆ ಅದರಲ್ಲಿ ಬರೆದವರಿಗೆ. ಷೇರುಗಳ ವಿಷಯದಲ್ಲೂ ಸುಪ್ರೀಂ ಕೋರ್ಟ್ 2023ರ ಡಿಸೆಂಬರ್‌ನಲ್ಲಿ ಇದನ್ನೇ ಹೇಳಿದೆ. ಜೀವ ವಿಮೆ ಸ್ವಲ್ಪ ಬೇರೆ: 2015ರ ತಿದ್ದುಪಡಿಯ ನಂತರ ಗಂಡ, ಹೆಂಡತಿ, ಮಕ್ಕಳು, ತಂದೆತಾಯಿ ನಾಮಿನಿಯಾದರೆ ಆ ಹಣದ ಹಕ್ಕೂ ಅವರಿಗೇ ಎಂದು ಕಾಯ್ದೆಯಲ್ಲಿದೆ, ಆದರೆ ಕೋರ್ಟುಗಳು ಎಲ್ಲ ಸಲ ಹಾಗೆ ಹೇಳಿಲ್ಲ. ಅದಕ್ಕೆ ನಾಮಿನಿ ಹೆಸರು ಮತ್ತು ವಿಲ್ ಎರಡೂ ಒಂದಕ್ಕೊಂದು ಹೊಂದಿಕೊಂಡಿರಬೇಕು.

ರಿಸರ್ವ್ ಬ್ಯಾಂಕಿನ ಉದ್ಗಮ್ ಪೋರ್ಟಲ್‌ನಲ್ಲಿ ಅಜ್ಜನ ಹೆಸರು ಹಾಕಿ ಹುಡುಕಿದೆ. ಹತ್ತು ವರ್ಷ ಯಾರೂ ಮುಟ್ಟದ ಠೇವಣಿ ಅಲ್ಲಿ ಕಾಣುತ್ತದೆ. ಏನೂ ಸಿಗಲಿಲ್ಲ.

ನಾಲ್ಕರಿಂದ ಆರನೇ ವಾರ

ತೋಟದ ವಿಷಯಕ್ಕೆ ಬಂದಾಗ ಕೆಲಸ ನಿಂತೇ ಹೋಯಿತು.

ಪಹಣಿ ತೆಗೆಸಿ ನೋಡಿದರೆ ಮಾಲೀಕರ ಹೆಸರಿರುವ 9ನೇ ಕಾಲಂನಲ್ಲಿ ಇನ್ನೂ ಅಜ್ಜನ ಹೆಸರು. ಅಜ್ಜ ಹೋಗಿದ್ದು 1991ರಲ್ಲಿ. ಅಪ್ಪ, ಚಿಕ್ಕಪ್ಪ ಇಬ್ಬರೇ ನೋಡಿಕೊಂಡು ಬಂದಿದ್ದಾರೆ, ಪೌತಿ ಖಾತೆ, ಅಂದರೆ ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವುದು, ಯಾರೂ ಮಾಡಿಸಿಲ್ಲ. ನಮ್ಮ ಪಾಲನ್ನು ಅಪ್ಪ ವಿಲ್‌ನಲ್ಲಿ ಬರೆಯಲಿ ಎಂದುಕೊಂಡು ವಕೀಲರ ಹತ್ತಿರ ಹೋದೆವು. ಅವರು ಕ್ರಯಪತ್ರ ಓದಿ ಅಪ್ಪನನ್ನು ಮೊದಲು ಕೇಳಿದ್ದು: "ನಿಮಗೆ ಅಕ್ಕತಂಗಿಯರು ಇದ್ದಾರಾ?"

ಇದ್ದಾರೆ. ಇಬ್ಬರು ಅತ್ತೆಯಂದಿರು.

ತೋಟ ಅಜ್ಜನ ಸ್ವಂತ ದುಡಿಮೆಯದು, ಅಜ್ಜ ವಿಲ್ ಬರೆದಿಲ್ಲ. ಹಾಗಿದ್ದಾಗ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಹೆಂಡತಿಗೂ ಗಂಡು ಹೆಣ್ಣು ಎನ್ನದೆ ಎಲ್ಲ ಮಕ್ಕಳಿಗೂ ಸಮಪಾಲು. ಅಜ್ಜಿ ತೀರಿಕೊಂಡ ಮೇಲೆ ಅವಳ ಪಾಲೂ ಮಕ್ಕಳಿಗೇ. ಅಂದರೆ ನಾಲ್ವರಿಗೂ ಕಾಲು ಕಾಲು. ಹೆಣ್ಣುಮಕ್ಕಳಿಗೆ ಹಕ್ಕು ಬಂದಿದ್ದು 2005ರಲ್ಲಿ ಅಂತ ಎಲ್ಲರೂ ಹೇಳುತ್ತಾರೆ ಅಲ್ವಾ? ಅದು ಪಿತ್ರಾರ್ಜಿತ ಆಸ್ತಿಯ ಮಾತು. ತಂದೆ ಸ್ವಂತಕ್ಕೆ ಕೊಂಡು, ವಿಲ್ ಇಲ್ಲದೆ ಬಿಟ್ಟುಹೋದ ಆಸ್ತಿಯಲ್ಲಿ ಮಗಳ ಪಾಲು 1956ರಿಂದಲೇ ಇದೆ.

ಬಸ್ಸಿನಲ್ಲಿ ಅಪ್ಪ ಮಾತಾಡಲಿಲ್ಲ. ಮನೆಗೆ ಬಂದ ಮೇಲೆ "ಅವರಿಗೆ ಮದುವೆಯಲ್ಲಿ ಕೊಟ್ಟಾಗಿದೆ ಪುಟ್ಟಿ" ಎಂದರು. "ನನಗೂ ಮದುವೆಯಲ್ಲಿ ಕೊಟ್ಟಿದ್ದೀಯಲ್ಲಪ್ಪಾ, ನನ್ನ ಹೆಸರು ಯಾಕೆ ಬರೀಬೇಕು ಅಂತೀಯ?" ಎಂದೆ. ಕೇಳಿದ ಮೇಲೆ ನನಗೇ ಕಸಿವಿಸಿ ಆಯಿತು. ಆದರೆ ಮರುದಿನ ಬೆಳಿಗ್ಗೆ ಅಪ್ಪ ತಾವೇ ಇಬ್ಬರಿಗೂ ಫೋನ್ ಮಾಡಿದರು. ಈ ಎಂಟು ವಾರದಲ್ಲಿ ನನಗೆ ದೊಡ್ಡದು ಎನಿಸಿದ್ದು ಆ ಫೋನು.

ಏಳನೇ ವಾರ

ಇಬ್ಬರು ಅತ್ತೆಯಂದಿರೂ ಚಿಕ್ಕಪ್ಪನೂ ಬಂದಿದ್ದರು. ದೊಡ್ಡತ್ತೆ "ನನಗೆ ಬೇಡ, ತವರುಮನೆ ಇದ್ದರೆ ಸಾಕು" ಎಂದರು. ಹಾಗೆ ಬಿಟ್ಟುಕೊಡುವುದಾದರೆ ಬಾಯಿಮಾತು ನಡೆಯುವುದಿಲ್ಲ, ಹಕ್ಕು ಬಿಡುಗಡೆ ಪತ್ರ ರಿಜಿಸ್ಟರ್ ಆಗಬೇಕು. ಚಿಕ್ಕತ್ತೆ ಯೋಚನೆ ಮಾಡಿ ಹೇಳುತ್ತೇನೆ ಎಂದರು. ಅವರು ಕೇಳಿದರೆ ಕೊಡಬೇಕು. ಅದು ಅವರದ್ದೇ.

ಅಷ್ಟರಲ್ಲಿ ಪೌತಿ ಖಾತೆಗೆ ಅರ್ಜಿ ಹಾಕುವುದಕ್ಕೆ ನಾಲ್ವರೂ ಒಪ್ಪಿದ್ದಾರೆ. ನಾಡಕಚೇರಿಯಲ್ಲಿ ವಂಶವೃಕ್ಷಕ್ಕೆ ಕೊಟ್ಟಾಗಿದೆ, ಎಲ್ಲರ ಹೆಸರೂ ಅದರಲ್ಲಿದೆ.

ಎಂಟನೇ ವಾರ

ತೋಟ ಇತ್ಯರ್ಥ ಆಗುವ ತನಕ ವಿಲ್‌ಗಾಗಿ ಕಾಯುವುದು ಬೇಡ ಎಂದು ವಕೀಲರು ಹೇಳಿದರು. "ತೋಟದಲ್ಲಿ ನನಗೆ ಬರುವ ಪಾಲು" ಎಂದು ಅಪ್ಪ ಬರೆದರೆ ಸಾಕು. ಮನೆ ಮಾತ್ರ ಅಪ್ಪ ಸ್ವಂತ ಕಟ್ಟಿಸಿದ್ದು, ಅದರಲ್ಲಿ ತಕರಾರಿಲ್ಲ.

ವಿಲ್‌ಗೆ ಛಾಪಾ ಕಾಗದ ಬೇಡ, ಬಿಳಿ ಹಾಳೆ ನಡೆಯುತ್ತದೆ. ರಿಜಿಸ್ಟರ್ ಮಾಡಿಸಲೇಬೇಕು ಅಂತಲೂ ಇಲ್ಲ, ಆದರೆ ನಾವು ಮಾಡಿಸುತ್ತೇವೆ. ಮುಖ್ಯವಾದದ್ದು ಇಬ್ಬರು ಸಾಕ್ಷಿಗಳು. ಅಪ್ಪ ಸಹಿ ಹಾಕುವುದನ್ನು ಅವರು ನೋಡಬೇಕು, ಅಪ್ಪನ ಎದುರೇ ಸಹಿ ಹಾಕಬೇಕು. ಅಪ್ಪ ತಮ್ಮ ಓರಗೆಯ ಸ್ನೇಹಿತರನ್ನು ಹೇಳಿದರು. ನಾಳೆ ಕೋರ್ಟಿನಲ್ಲಿ ಹೇಳಬೇಕಾಗಿ ಬಂದರೆ ಅವರೂ ಇರಬೇಕಲ್ಲ ಎಂದು, ನಲವತ್ತು ದಾಟಿದ ಪಕ್ಕದ ಮನೆ ಮೇಷ್ಟ್ರನ್ನೂ ನಮ್ಮ ಡಾಕ್ಟರನ್ನೂ ಕೇಳಿದ್ದೇವೆ. ಅವರಿಬ್ಬರಿಗೂ ವಿಲ್‌ನಲ್ಲಿ ಏನೂ ಬರುವುದಿಲ್ಲ, ಅದೂ ಒಳ್ಳೆಯದೇ.

ಕರಡು ಓದಿ ಹೇಳಿದಾಗ ಅಮ್ಮ ಅಡುಗೆಮನೆ ಬಾಗಿಲಲ್ಲೇ ನಿಂತಿದ್ದಳು. ಮನೆ ನನಗೂ ತಮ್ಮನಿಗೂ ಸಮ ಎಂದು ಇತ್ತು. ಅಪ್ಪ ನಿಲ್ಲಿಸಿ, ಅದರ ಮೇಲೆ ಒಂದು ಸಾಲು ಸೇರಿಸಲು ಹೇಳಿದರು: ಅವಳು ಇರುವವರೆಗೂ ಮನೆ ಅವಳದ್ದು, ಯಾರೂ ಮಾರುವ ಹಾಗಿಲ್ಲ. ಅಮ್ಮ ಈ ಸಲ ಬಿಡ್ತು ಅನ್ನಲಿಲ್ಲ. ಬಂದು ಕುರ್ಚಿ ಎಳೆದುಕೊಂಡು ಕೂತಳು, "ನನ್ನ ಒಡವೆದೂ ಬರ್ಕೋ" ಎಂದಳು.

ಮುಂದಿನ ಭಾನುವಾರಕ್ಕೆ: ಅಮ್ಮನ ವಿಲ್ ಬೇರೆ ಹಾಳೆಯಲ್ಲಿ. ಚಿಕ್ಕತ್ತೆಯ ಮನೆಗೆ ಅಪ್ಪನ ಜೊತೆ ಹೋಗಬೇಕು.